ಜರ್ಮನ್ ಭಾಷೆಯಲ್ಲಿ ಇಂಗ್ಲಿಷ್ ಶಬ್ದಗಳ ಅರ್ಥಾಂತರ

ಜರ್ಮನಿಯಲ್ಲಿ ಮೊಬೈಲ್ ಫೋನಿಗೆ ‘ಹ್ಯಾಂಡಿ’ ಎಂದು ಹೆಸರು. ಈ ಶಬ್ದ ಇಂಗ್ಲಿಷಿನಲ್ಲಿ ಇಲ್ಲವೆಂದಲ್ಲ. ಆದರೆ ಅಲ್ಲಿ ಅದು ಕೇವಲ ವಿಶೇಷಣ. ಬಳಕೆಗೆ ಅನುಕೂಲವಾದುದು, ಕೈಗೆ ಎಟಕುವಂತಿರುವುದು ಎಂದಷ್ಟೇ ಅದರ ಅರ್ಥ. ಲಂಡನ್ನಿನ ಅಂಗಡಿಯೊಂದರಲ್ಲಿ ‘ಒಂದು ಹ್ಯಾಂಡಿ ಕೊಡಿ’ ಎಂದು ಕೇಳುವ ಜರ್ಮನ್ ಪ್ರವಾಸಿಯನ್ನು ಅಂಗಡಿಯಾತನು ಮಿಕಿಮಿಕಿ ನೋಡಿದರೆ ತಪ್ಪು ಆತನದಲ್ಲ. ಇಂತಹ ಶಬ್ದಗಳು ಜರ್ಮನ್ ಭಾಷೆಯಲ್ಲಿ ಒಂದೆರಡಲ್ಲ. ಸಭೆಗಳಲ್ಲಿ ಗೋಡೆಯ ಮೇಲೆ ಚಿತ್ರವನ್ನು ಬೀರುವ ಯಂತ್ರ ‘ಬೀಮರ್’; ಹೊಸ ಉಡುಪುಗಳನ್ನು ತೊಟ್ಟು ಪ್ರದರ್ಶಿಸುವ ಪುರುಷ ‘ಡ್ರೆಸ್‌ಮನ್’; ಔತಣಕ್ಕೆ ತೊಡುವ ಕರಿಯ ಉಡುಪು ‘ಸ್ಮೋಕಿಂಗ್’. ಕಡೆಯದು ಇಂಗ್ಲಿಷಿನ ‘ಸ್ಮೋಕಿಂಗ್ ಜಾಕೆಟ್’ ತನ್ನ ಬಾಲವನ್ನು ಕಳೆದುಕೊಂಡ ರೂಪ. ಫ್ರೆಂಚರಲ್ಲಿಯೂ ಅದಕ್ಕೆ ಇದೇ ಗತಿ. ಧೂಮಪಾನ ನಿಷಿದ್ಧವಾದ ಸಭಾಗೃಹಕ್ಕೂ ‘ಸ್ಮೋಕಿಂಗ್’ ಧರಿಸಿಯೇ ಹೋಗಬೇಕಾದ ವಿನೋದ ಇದರಿಂದ ಒದಗಿದೆ.

ಜರ್ಮನ್ ಭಾಷಾಶಾಸ್ತ್ರಜ್ಞರು ಈ ವರ್ಗಕ್ಕೆ ‘ಶೈನ್‌ಆಂಗ್ಲಿಸಿಸ್ಮುಸ್’ ಎಂಬ ಹೆಸರನ್ನು ಕೊಟ್ಟಿದ್ದಾರೆ. ಇಂಗ್ಲಿಷಿನ ತೋರಿಕೆ ಮಾತ್ರ ಉಳ್ಳದ್ದು ಎಂದು ಅದರ ತಾತ್ಪರ್ಯ. ಅಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಇದು ಆಂಗ್ಲಾಭಾಸ. ಹೆಸರಿನಲ್ಲಿಯೇ ತೀರ್ಪು ಅಡಗಿದೆ. ಆಭಾಸವೆಂದ ಮೇಲೆ ನಿಜವಾದುದು ಬೇರೆ ಎಲ್ಲಿಯೋ ಇರಬೇಕು. ಇಂಗ್ಲೆಂಡಿನವರ ಅರ್ಥವೇ ನಿಜ, ಜರ್ಮನರದು ಅದರ ಕೆಟ್ಟ ಪಡಿಯಚ್ಚು ಎಂದು ಓದುವವನು ಒಪ್ಪಿಕೊಂಡಂತೆಯೇ ಆಗುತ್ತದೆ. ಈ ಎಣಿಕೆ ಸರಿಯೇ ಎಂಬುದನ್ನು ವಿಚಾರಿಸತಕ್ಕದ್ದಾಗಿದೆ.

‘ಓಲ್ಡ್‌ಟೈಮರ್’ ಎಂಬ ಮಾತನ್ನು ತೆಗೆದುಕೊಳ್ಳಬಹುದು. ಇಂಗ್ಲಿಷಿನಲ್ಲಿ ಅದು ಹಳೆಯ ಕಾಲದ ಮನುಷ್ಯನನ್ನು, ನುರಿತ ಹಿರಿಯನನ್ನು ಸೂಚಿಸುತ್ತದೆ. ಜರ್ಮನರಿಗೆ ಅದು ಹಳೆಯ ಮೋಟಾರು ಬಂಡಿ. ಅಲ್ಲಿಯ ವಾಹನ ನೋಂದಣಿಯ ನಿಯಮಾವಳಿಯಲ್ಲಿಯೇ ಈ ಶಬ್ದ ಸೇರಿ, ರಸ್ತೆಗೆ ಇಳಿದು ಕನಿಷ್ಠಪಕ್ಷ 30 ವರ್ಷ ಕಳೆದ, ಮೂಲಸ್ಥಿತಿಗೆ ಸಮೀಪವಾಗಿ ಉಳಿದುಬಂದ ಬಂಡಿಯೆಂದು ಅರ್ಥನಿರ್ಣಯವನ್ನೂ ಪಡೆದಿದೆ. ಸರಕಾರದ ಶಾಸನದೊಳಗೆ ಹೊಕ್ಕು ಕುಳಿತ ಶಬ್ದವನ್ನು ಆಭಾಸವೆನ್ನುವುದು ಹೇಗೆ? ಅಷ್ಟೇ ಅಲ್ಲ, ಅದು ಸಂತಾನವನ್ನೂ ಪಡೆದಿದೆ. ಮೂವತ್ತು ವರ್ಷ ಇನ್ನೂ ತುಂಬದ, ಆದರೂ ಅಭಿಮಾನಿಗಳು ಜೋಪಾನ ಮಾಡುವ ಬಂಡಿಗೆ ‘ಯಂಗ್‌ಟೈಮರ್’ ಎಂದು ಹೆಸರಾಯಿತು. ‘ಪುಲೋವರ್’ ಎಂಬ ಉಣ್ಣೆಯ ಅಂಗಿಯ ಜೊತೆಗೆ, ತೋಳಿಲ್ಲದ ಅಂಗಿಗೆ ‘ಪುಲುಂಡರ್’ ಎಂಬ ಹೆಸರನ್ನು ಕಟ್ಟಿದ್ದೂ ಇದೇ ರೀತಿ. ‘ಓವರ್’ ಇದ್ದ ಮೇಲೆ ‘ಅಂಡರ್’ ಏಕಿರಬಾರದು ಎಂಬ ಈ ತರ್ಕ ಇಂಗ್ಲಿಷರಿಗೆ ಹೊಳೆಯಲೇ ಇಲ್ಲ! ಸಾಲ ತಂದ ಬೀಜ ಹೊಸ ನೆಲದಲ್ಲಿ ಬೇರುಬಿಟ್ಟು ತನ್ನದೇ ಕುಡಿಯೊಡೆದಿರುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದು ಪಟ್ಟಣದ ತರುಣರ ಶೋಕಿಯೆಂದು ಕೆಲವರು ತಿಳಿಯುವುದುಂಟು. ಮಾನ್‌ಹೈಮ್ ನಗರದ ಲಾಂಟ್ಸ್ ಕಾರ್ಖಾನೆಯವರು 1921ರಲ್ಲಿ ‘ಬುಲ್‌ಡಾಗ್’ ಎಂಬ ಹೆಸರಿನ ಟ್ರ್ಯಾಕ್ಟರನ್ನು ಮಾರಾಟಕ್ಕೆ ತಂದರು. ಬವೇರಿಯದ ಒಕ್ಕಲಿಗನು ಯಾವ ಕಾರ್ಖಾನೆಯ ಟ್ರ್ಯಾಕ್ಟರನ್ನೇ ಆಗಲಿ ‘ಬುಲ್‌ಡಾಗ್’ ಎಂದು ಕರೆಯುವಷ್ಟರ ಮಟ್ಟಿಗೆ ಆ ನಾಯಿ ನೇಗಿಲಿಗೆ ಪಳಗಿತು. ಇಂಗ್ಲಿಷಿನ ಗಂಧವಿಲ್ಲದವರ ಬಾಯಲ್ಲಿಯೂ ಅದು ಸಲ್ಲುತ್ತದೆ.

ರೂಪವೂ ಅರ್ಥವೂ ಕೂಡಿಯೇ ಬದಲಾದ ಉದಾಹರಣೆಗಳಲ್ಲಿ ‘ಕೇಕ್ಸ್’ ಎಂಬುದು ಎಲ್ಲಕ್ಕಿಂತ ಸೊಗಸಾದದ್ದು. ಹಾನೋವರಿನ ಹರ್ಮನ್ ಬಾಲ್‌ಸೆನ್ ಎಂಬ ವರ್ತಕನು 1891ರಲ್ಲಿ ಬೆಣ್ಣೆಯ ಬಿಸ್ಕತ್ತನ್ನು ಮಾಡಿ, ಆ ಊರಿನಲ್ಲಿ ಬಾಳಿದ ತತ್ತ್ವಜ್ಞ ಲೈಬ್ನಿಟ್ಸನ ಹೆಸರಿನೊಡನೆ ಇಂಗ್ಲಿಷಿನ ಬಹುವಚನವಾದ ‘ಕೇಕ್ಸ್’ ಎಂಬುದನ್ನು ಸೇರಿಸಿ ಮಾರಿದನು. ಕೊಳ್ಳುವ ಜನಕ್ಕೆ ಆ ಕಾಗುಣಿತ ಒಗ್ಗಲಿಲ್ಲ. ಕೊನೆಗೆ 1911ರಲ್ಲಿ ಜರ್ಮನ್ ಉಚ್ಚಾರಣೆಗೆ ಒಪ್ಪುವಂತೆ ಅಕ್ಷರಗಳನ್ನು ತಿದ್ದಲಾಯಿತು. 1915ರಲ್ಲಿ ‘ಡೂಡೆನ್’ ನಿಘಂಟು ಅದನ್ನು ಸೇರಿಸಿಕೊಂಡಿತು. ಈಗ ಒಂದೇ ಬಿಸ್ಕತ್ತಿಗೂ ‘ಕೇಕ್ಸ್’ ಎಂದೇ ಹೆಸರು. ಹಲವಿದ್ದರೆ ಜರ್ಮನ್ ಪ್ರತ್ಯಯ ಹತ್ತಿ ‘ಕೇಕ್ಸೆ’ ಆಗುತ್ತದೆ. ಬಹುವಚನದ ಮೇಲೆ ಮತ್ತೊಂದು ಬಹುವಚನ! ಕನ್ನಡ ವಾಚಕರು ಇದಕ್ಕೆ ನಗಬೇಕಾದ ಕಾರಣವಿಲ್ಲ. ‘ಒಂದು ಮೀಲ್ಸ್ ಕೊಡಿ’ ಎಂದು ಕೇಳುವವರು ಮಾಡುವುದೂ ಇದನ್ನೇ. ಅದನ್ನು ಕೇಳುವ ಸ್ಥಳ ‘ಹೋಟೆಲು’, ಅಲ್ಲಿ ರಾತ್ರಿ ತಂಗಲು ಕೋಣೆಯಿರಬೇಕೆಂಬ ನಿಯಮವಿಲ್ಲ. ಸೈನ್ಯಕ್ಕೆ ಸಂಬಂಧವಿಲ್ಲದ ‘ಮಿಲಿಟರಿ ಹೋಟೆಲು’ಗಳ ಮಾತಂತೂ ಹೇಳಬೇಕಾದುದೇ ಇಲ್ಲ.

ಕನ್ನಡದ ವೈಯಾಕರಣರು ಸಂಸ್ಕೃತದಿಂದ ಬಂದ ಶಬ್ದಗಳನ್ನು ತತ್ಸಮ, ತದ್ಭವ ಎಂದು ವಿಂಗಡಿಸಿದರು. ಆ ವಿಭಾಗವನ್ನು ಸೂತ್ರಬದ್ಧವಾಗಿ ವಿವರಿಸಿದ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿ, 1894ರಲ್ಲಿ ತಮ್ಮ ನಿಘಂಟಿನಲ್ಲಿ ಕನ್ನಡ ಶಬ್ದಗಳ ಕುಲವನ್ನು ಶೋಧಿಸಿ ತೋರಿಸಿದ ಫರ್ಡಿನಾಂಡ್ ಕಿಟ್ಟೆಲ್ಲರು ಜರ್ಮನಿಯವರೇ ಎಂಬುದು ಇಲ್ಲಿ ನೆನೆಯತಕ್ಕದ್ದು. ಆದರೆ ಈ ಎರಡು ಪೆಟ್ಟಿಗೆಗಳಲ್ಲಿ ‘ಹ್ಯಾಂಡಿ’ ಹಿಡಿಸುವುದಿಲ್ಲ. ರೂಪದಲ್ಲಿ ಅದು ತತ್ಸಮ. ಅರ್ಥದಲ್ಲಿ ಶುದ್ಧ ದೇಶ್ಯ. ಸಂಸ್ಕೃತದಲ್ಲಿ ಸಮಯವೆಂಬ ಅರ್ಥವುಳ್ಳ ‘ಅವಸರ’ ಕನ್ನಡದಲ್ಲಿ ತ್ವರೆಯಾಯಿತು. ವಿದ್ಯೆಯಾಗಿದ್ದ ‘ಶಿಕ್ಷಾ’ ದಂಡನೆಯಾಯಿತು. (ಹಳೆಯ ಮಠಗಳ ಉಪಾಧ್ಯಾಯರನ್ನು ಬಲ್ಲವರಿಗೆ ಈ ದಾರಿ ಅಷ್ಟೇನೂ ದೂರದ್ದಾಗಿ ತೋರದು.) ಇವನ್ನು ಯಾರೂ ಸಂಸ್ಕೃತಾಭಾಸವೆಂದು ಹಳಿಯಲಿಲ್ಲ. ಇನ್ನು ಜರ್ಮನ್ ವ್ಯಾಕರಣವೋ, ಬಂದವರನ್ನು ಸುಮ್ಮನೆ ಬಿಡುವಂಥದಲ್ಲ. ‘ಹ್ಯಾಂಡಿ’ಗೆ ಅದು ನಪುಂಸಕ ಲಿಂಗವನ್ನು ಕೊಟ್ಟಿದೆ, ‘ಓಲ್ಡ್‌ಟೈಮರ್’ಗೆ ಪುಲ್ಲಿಂಗವನ್ನು ಕೊಟ್ಟಿದೆ, ಇಂಗ್ಲಿಷಿನ ಕಾಗುಣಿತದ ನಿಯಮವನ್ನು ಲಕ್ಷಿಸದೆ ಬಹುವಚನವನ್ನು ತನ್ನ ಕ್ರಮದಲ್ಲಿ ಬರೆಯಿಸುತ್ತದೆ. ನಿಷೇಧವೆಂಬ ಅರ್ಥದ ಜರ್ಮನ್ ಶಬ್ದ ಕೂಡಿ ‘ಹ್ಯಾಂಡಿಫೆರ್‌ಬೋಟ್’ ಎಂದಾದರೆ, ಕೇಶಿರಾಜನ ಶಿಷ್ಯರು ಅರಿಸಮಾಸವೆಂದು ಕಿವಿ ಮುಚ್ಚಿಕೊಂಡಾರು. ಅಲ್ಲಿಯ ಶಾಲೆಯ ಮಕ್ಕಳಿಗೆ ಮಾತ್ರ ಫೋನನ್ನು ಒಳಗೆ ತರಬಾರದೆಂಬುದು ಅದರಿಂದ ಚೆನ್ನಾಗಿ ತಿಳಿಯುತ್ತದೆ.

ಶುದ್ಧಿವಾದಿಗಳ ಪರಂಪರೆ ಜರ್ಮನಿಯಲ್ಲಿ ಹಳೆಯದು, ಮತ್ತು ಅದನ್ನು ಹಗುರಾಗಿ ಕಾಣುವುದು ನ್ಯಾಯವಲ್ಲ. ಅಂಚೆಯ ಮುಖ್ಯಾಧಿಕಾರಿಯಾಗಿದ್ದ ಹೈನ್‌ರಿಷ್ ಫಾನ್ ಸ್ಟೆಫಾನ್ 1870ರ ದಶಕದಲ್ಲಿ ಅಂಚೆಯ ನೂರಾರು ಫ್ರೆಂಚ್ ಪದಗಳಿಗೆ ಬದಲಾಗಿ ಜರ್ಮನ್ ಪದಗಳನ್ನು ಜಾರಿಗೆ ತಂದನು. 1885ರಲ್ಲಿ ಭಾಷಾಸಂಘವೊಂದು ಸ್ಥಾಪಿತವಾಯಿತು. ರೈಲು ನಿಲ್ದಾಣದ ಕಟ್ಟೆಗೆ ‘ಪೆರೋನ್’ ಎಂಬ ಫ್ರೆಂಚ್ ಹೆಸರು ಹೋಗಿ ‘ಬಾನ್‌ಸ್ಟೈಗ್’ ಎಂಬುದು ನೆಲೆಯಾದದ್ದು ಆ ಕಾಲದ ಶ್ರಮದಿಂದಲೇ. ಆ ಶ್ರಮ ತಾಕದ ಸ್ವಿಟ್ಜರ್ಲೆಂಡಿನಲ್ಲಿ ‘ಪೆರೋನ್’ ಇಂದಿಗೂ ಉಳಿದಿದೆ. ಸಂಘದ ಹರ್ಮನ್ ಡುಂಗರ್ 1909ರಲ್ಲಿ ಇಂಗ್ಲಿಷಿನ ವ್ಯಾಮೋಹವನ್ನು ಖಂಡಿಸಿ ಗ್ರಂಥವನ್ನೇ ಬರೆದನು. ಮುಂದೆ ಸಂಘವು ನಾಜಿಗಳಿಗೆ ಶರಣಾಗಿ ಅವರ ಜಯಘೋಷ ಮಾಡಿದರೂ, 1940ರಲ್ಲಿ ಹಿಟ್ಲರನ ಆಜ್ಞೆಯೇ ಶಬ್ದಗಳ ಬಲವಂತದ ಜರ್ಮನೀಕರಣಕ್ಕೆ ತಡೆ ಹಾಕಿತು. ಡಾರ್ಟ್‌ಮುಂಡಿನಲ್ಲಿ 1997ರಲ್ಲಿ ಹುಟ್ಟಿದ ಬೇರೊಂದು ಸಂಘ ಇಂಗ್ಲಿಷಿನ ವಿರುದ್ಧ ಹೋರಾಟವನ್ನು ಮತ್ತೆ ಎತ್ತಿಕೊಂಡಿತು.

ಈ ಶುದ್ಧಿವಾದಿಗಳ ಆಕ್ಷೇಪಣೆಯಲ್ಲಿ ಎರಡು ಬೇರೆ ಬೇರೆ ದೂರುಗಳು ಹೆಣೆದುಕೊಂಡಿವೆ. ಜರ್ಮನರು ಇಂಗ್ಲಿಷನ್ನು ಅತಿಯಾಗಿ ಬಳಸುತ್ತಾರೆ ಎಂಬುದು ಒಂದು. ತಪ್ಪಾಗಿ ಬಳಸುತ್ತಾರೆ ಎಂಬುದು ಇನ್ನೊಂದು. ಇವೆರಡೂ ಒಟ್ಟಿಗೆ ನಿಲ್ಲಲಾರವು. ಪರಕೀಯರ ದಾಸ್ಯವೇ ದೋಷವೆಂದಾದರೆ, ಪರಕೀಯರ ಅರ್ಥವನ್ನು ಮೀರಿ ನಡೆದುದು ಆ ದಾಸ್ಯದಿಂದ ಬಿಡುಗಡೆಯೇ ಹೊರತು ಇನ್ನೊಂದು ಅಪರಾಧವಲ್ಲ. ನಿಜವಾದ ಕೆಡುಕು ಇರುವುದು ಅರ್ಥ ಬದಲಾಗದೆ, ಊರಿನವರಿಗೆ ತಿಳಿಯದೆ, ಹಾಗೆಯೇ ತಂದಿಟ್ಟ ಇಂಗ್ಲಿಷಿನಲ್ಲಿ. ‘ಡಗ್ಲಾಸ್’ ಎಂಬ ಸುಗಂಧದ್ರವ್ಯದ ಅಂಗಡಿಗಳವರು ಒಂದು ಕಾಲದಲ್ಲಿ ‘ಕಮ್ ಇನ್ ಅಂಡ್ ಫೈಂಡ್ ಔಟ್’ ಎಂಬ ಘೋಷವಾಕ್ಯವನ್ನು ಹಾಕಿಕೊಂಡಿದ್ದರು. ಒಳಗೆ ಬಂದು ಏನಿದೆಯೆಂದು ಕಂಡುಕೊಳ್ಳಿ ಎಂಬ ಈ ಆಹ್ವಾನವನ್ನು, ಒಳಗೆ ಬಂದು ಮತ್ತೆ ಹೊರಗೆ ಹೋಗುವ ದಾರಿಯನ್ನು ಹುಡುಕಿಕೊಳ್ಳಿ ಎಂದು ಓದಿಕೊಂಡವರು ಹಲವರಿದ್ದರೆಂಬುದು 2003ರಲ್ಲಿ ನಡೆದ ಒಂದು ವಿಚಾರಣೆಯಿಂದ ತಿಳಿದುಬಂದಿತು. ಘೋಷವಾಕ್ಯ ಆಮೇಲೆ ಜರ್ಮನ್ ಆಯಿತು. ‘ಹ್ಯಾಂಡಿ’ ಎಂಬುದನ್ನು ಹೀಗೆ ಅಪಾರ್ಥ ಮಾಡಿಕೊಳ್ಳುವ ಮುದುಕಿಯೊಬ್ಬಳೂ ಆ ದೇಶದಲ್ಲಿ ಸಿಕ್ಕಲಾರಳು.

ಅರ್ಥಾಂತರದಿಂದ ನಷ್ಟವೇ ಇಲ್ಲವೆಂದು ಸಾಧಿಸಲಾಗದು. ಬೇರೆ ಭಾಷೆಯ ಶಬ್ದದ ತೂಕ ಮೈಗೆ ತಟ್ಟುವುದಿಲ್ಲ. ಜಾಲದಲ್ಲಿ ಒಬ್ಬರ ಮೇಲೆ ಎಲ್ಲರೂ ಏಕಕಾಲಕ್ಕೆ ಹರಿಹಾಯುವುದಕ್ಕೆ ಜರ್ಮನರು ಬಳಸುವ ‘ಶಿಟ್‌ಸ್ಟಾರ್ಮ್’ ಇಂಗ್ಲಿಷಿನಲ್ಲಿ ಶಿಷ್ಟರು ಸಭೆಯಲ್ಲಿ ನುಡಿಯಲಂಜುವ ಗ್ರಾಮ್ಯಪದ. ಪ್ರಧಾನಿಯಾಗಿದ್ದ ಅಂಗೆಲಾ ಮೆರ್ಕೆಲ್ 2018ರಲ್ಲಿ ಅದನ್ನು ಬಹಿರಂಗ ಸಭೆಯಲ್ಲಿ ಸಹಜವಾಗಿ ಆಡಿದಾಗ ಆಂಗ್ಲ ಪತ್ರಿಕೆಗಳು ಬೆರಗಾದವು. 2006ರ ಕಾಲ್ಚೆಂಡಿನ ಪಂದ್ಯಗಳನ್ನು ಚೌಕಗಳಲ್ಲಿ ದೊಡ್ಡ ತೆರೆಯ ಮೇಲೆ ಜನ ಕೂಡಿ ನೋಡಿದುದಕ್ಕೆ ‘ಪಬ್ಲಿಕ್ ವ್ಯೂಯಿಂಗ್’ ಎಂದು ಹೆಸರಾದಾಗ, ಅಮೆರಿಕದಲ್ಲಿ ಅದು ಶವದ ದರ್ಶನವೆಂದು ಪಂಡಿತರು ಗದ್ದಲವೆಬ್ಬಿಸಿದರು. ಅದು ಆ ಮಾತಿನ ಹಲವು ಅರ್ಥಗಳಲ್ಲಿ ಒಂದು ಮಾತ್ರ. ತಿದ್ದುವವರ ಇಂಗ್ಲಿಷೂ ಅಲ್ಲಿ ಅರೆಯಾಗಿಯೇ ಇತ್ತು.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆಯಾಗುವ ಶಬ್ದ ‘ಮಾಬಿಂಗ್’. ಚಿಕ್ಕ ಹಕ್ಕಿಗಳು ಗುಂಪುಗೂಡಿ ಗೂಬೆಯನ್ನೋ ಗಿಡುಗವನ್ನೋ ಅಟ್ಟುವುದಕ್ಕೆ ಪ್ರಾಣಿಶಾಸ್ತ್ರದ ಇಂಗ್ಲಿಷಿನಲ್ಲಿ ಈ ಮಾತುಂಟು. ಜರ್ಮನಿಯಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ನೆಲೆಸಿದ ಹೈನ್ಸ್ ಲೈಮನ್ ಎಂಬ ಮನಶ್ಶಾಸ್ತ್ರಜ್ಞ, ಕೆಲಸದ ಸ್ಥಳದಲ್ಲಿ ಒಬ್ಬನನ್ನು ಗುರಿಮಾಡಿ ದಿನದಿನವೂ ಹಿಂಸಿಸುವುದಕ್ಕೆ ಅದನ್ನು ಅನ್ವಯಿಸಿದನು. 1993ರಲ್ಲಿ ಅವನ ಪುಸ್ತಕ ಜರ್ಮನ್ ಭಾಷೆಯಲ್ಲಿ ಬಂದ ಮೇಲೆ ಶಬ್ದ ಮನೆಮಾತಾಯಿತು. ಆಂಗ್ಲರು ಇದಕ್ಕೆ ಸಾಮಾನ್ಯವಾಗಿ ‘ಬುಲ್ಲಿಯಿಂಗ್’ ಎನ್ನುತ್ತಾರೆ. ತನಗಾಗುತ್ತಿದ್ದುದನ್ನು ಒಂದೇ ಮಾತಿನಲ್ಲಿ ಹೇಳಿಕೊಳ್ಳಲಾರದಿದ್ದ ಗುಮಾಸ್ತನಿಗೆ ಆಡಲು ಒಂದು ಹೆಸರು ಸಿಕ್ಕಿತು. 1997ರಲ್ಲಿ ಜರ್ಮನಿಯ ಶ್ರಮ ವ್ಯಾಜ್ಯಗಳ ಅತ್ಯುಚ್ಚ ನ್ಯಾಯಾಲಯವು, ನೌಕರರು ತಮ್ಮತಮ್ಮೊಳಗೆ ಅಥವಾ ಮೇಲಧಿಕಾರಿಗಳು ನೌಕರರ ಮೇಲೆ ವ್ಯವಸ್ಥಿತವಾಗಿ ನಡೆಸುವ ಹಗೆತನ, ಕಿರುಕುಳ, ಭೇದಭಾವವೇ ಮಾಬಿಂಗ್ ಎಂದು ತನ್ನ ತೀರ್ಪಿನಲ್ಲಿ ಅರ್ಥ ಬರೆಯಿತು. ಇಂಗ್ಲಿಷ್ ನಿಘಂಟಿನಲ್ಲಿ ಅದಕ್ಕೆ ಏನಿದೆಯೆಂಬುದು ನ್ಯಾಯಾಧೀಶರಿಗೆ ಬೇಕಾಗಲಿಲ್ಲ.