ಹಳೇ ಫೋನು, ಹೊಸ ಕೈಗಳು

ಮೇಜಿನ ಖಾನೆಯಲ್ಲಿ ಬಿದ್ದಿರುವ ಹಳೇ ಫೋನು ಎಷ್ಟೋ ಸಲ ಕೆಟ್ಟೇ ಇರುವುದಿಲ್ಲ. ಕಂಪನಿ ಅಪ್‌ಡೇಟ್ ನಿಲ್ಲಿಸಿರುತ್ತದೆ, ಅಷ್ಟೆ. ಅಂಥ ಫೋನು ಹತ್ತು ವರ್ಷ ಬಾಳಬೇಕೆಂಬ ಹಂಬಲದಿಂದ 2017ರಲ್ಲಿ ಶುರುವಾದದ್ದು ಪೋಸ್ಟ್‌ಮಾರ್ಕೆಟ್‌ಓಎಸ್. ಆಲ್ಪೈನ್ ಲಿನಕ್ಸ್ ಎಂಬ ಪುಟ್ಟ ಲಿನಕ್ಸ್‌ನ ಮೇಲೆ ಕಟ್ಟಿದ ಮುಕ್ತ ವ್ಯವಸ್ಥೆಯಿದು. ಫೋನಿನ ಮಾದರಿಗಳೋ ಲೆಕ್ಕಕ್ಕೆ ಸಿಗದಷ್ಟು. ಒಂದೊಂದಕ್ಕೂ ಆ ಫೋನನ್ನೇ ಕೈಯಲ್ಲಿ ಹಿಡಿದ ಒಬ್ಬರಾದರೂ ಬೇಕು. ಹಾಗಾಗಿ ಹೊಸಬರು ಬಾರದಿದ್ದರೆ ಈ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗದು.

ಅವರನ್ನು ಬಾಗಿಲಲ್ಲಿ ಎದುರುಗೊಳ್ಳುವ ರೀತಿ ನಿಜಕ್ಕೂ ಚೆನ್ನಾಗಿದೆ. ಆಂಡ್ರಾಯ್ಡ್‌ನ ಸೋರ್ಸ್ ಕೋಡ್ ಕೂಡ ಮುಕ್ತವೇ; ಆದರೆ ಅದನ್ನು ಇಳಿಸಿಕೊಂಡು ಬಿಲ್ಡ್ ಮಾಡಲು 400 ಜಿಬಿ ಖಾಲಿ ಜಾಗ, 64 ಜಿಬಿ ರ್‍ಯಾಮ್ ಬೇಕು ಎನ್ನುತ್ತದೆ ಗೂಗಲ್‌ನ ಸೂಚನೆ. ಸಾಧಾರಣ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿ ಆ ಸಾಲಿನಲ್ಲೇ ನಿಂತುಬಿಡುತ್ತಾನೆ. ಇಲ್ಲಿ ಪಿಎಂಬೂಟ್‌ಸ್ಟ್ರ್ಯಾಪ್ ಎಂಬ ಪೈಥಾನ್ ಉಪಕರಣ ಫೋನು ಯಾವ ಕಂಪನಿಯದು, ಅದರ ಸಂಕೇತನಾಮವೇನು ಎಂದು ಕೇಳುತ್ತದೆ. ಆ ಫೋನು ಪಟ್ಟಿಯಲ್ಲಿಲ್ಲದಿದ್ದರೆ ಇನ್ನಷ್ಟು ಪ್ರಶ್ನೆ ಕೇಳಿ, ಆರಂಭದ ಕಡತಗಳನ್ನು ತಾನೇ ಬರೆದುಕೊಡುತ್ತದೆ. ಕೆಲಸವೆಲ್ಲ ಪ್ರತ್ಯೇಕ ಆವರಣದೊಳಗೆ ನಡೆಯುವುದರಿಂದ ನಮ್ಮ ಕಂಪ್ಯೂಟರಿಗೆ ಧಕ್ಕೆಯಿಲ್ಲ. ಫೋನನ್ನು ಮುಟ್ಟಲು ಅಂಜಿಕೆಯಾದರೆ ಬೇರೊಂದು ಯಂತ್ರವನ್ನು ಅನುಕರಿಸುವ ಕ್ಯುಇಎಂಯು ಮೂಲಕ ಈ ವ್ಯವಸ್ಥೆಯನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡಬಹುದು. ಕೆಡಿಸಿಬಿಟ್ಟರೆ ಎಂಬ ಭಯವೇ ಎಷ್ಟೋ ಜನರನ್ನು ದೂರವಿಡುವುದು. ಆ ಭಯಕ್ಕೆ ಉಪಕರಣದಲ್ಲೇ ಮದ್ದಿಟ್ಟಿದ್ದಾರಲ್ಲ, ಅದು ನನಗೆ ತುಂಬ ಇಷ್ಟವಾದ ಸಂಗತಿ.

ತೊಡಕು ಇರುವುದು ಎರಡನೆಯ ಹೆಜ್ಜೆಯಲ್ಲಿ. ಪರದೆಯ ಮೇಲೆ ಲೋಗೊ ಮೂಡಿತು, ಸಂಭ್ರಮವಾಯಿತು. ಆಮೇಲೆ ನೋಡಿದರೆ ಕರೆ ಹೋಗುವುದಿಲ್ಲ, ಕ್ಯಾಮೆರಾ ಏಳುವುದಿಲ್ಲ. ಕಂಪನಿ ಕೊಟ್ಟ ಕರ್ನಲ್, ಅಂದರೆ ಬಿಡಿಭಾಗಗಳನ್ನು ನಡೆಸುವ ತಿರುಳು ತಂತ್ರಾಂಶ, ಯಾವುದೋ ಹಳೆಯ ಆವೃತ್ತಿಯಲ್ಲೇ ನಿಂತಿರುತ್ತದೆ. ಅದನ್ನು ಬಿಟ್ಟು ಲಿನಕ್ಸ್‌ನ ಮೂಲ ಕರ್ನಲ್‌ಗೆ ಬರಬೇಕೆಂದರೆ ಫೋನಿನೊಳಗಿನ ಬಿಡಿಭಾಗಗಳನ್ನೆಲ್ಲ ವಿವರಿಸುವ ಡಿವೈಸ್ ಟ್ರೀ ಬರೆಯಬೇಕು. ಸರ್ಕ್ಯೂಟ್ ನಕ್ಷೆಯನ್ನು ಕಂಪನಿ ಕೊಡದು. ಒಂದು ಸಂಜೆಯಲ್ಲಿ ಮುಗಿದ ಮೊದಲ ಕೆಲಸದ ಪಕ್ಕದಲ್ಲೇ ತಿಂಗಳುಗಟ್ಟಲೆಯ ಕೆಲಸ. ನಡುವೆ ಮೆಟ್ಟಿಲೇ ಇಲ್ಲ. ಎಷ್ಟೋ ಫೋನುಗಳು ಪ್ರಯೋಗದ ಹಂತದಲ್ಲೇ ಉಳಿದಿರುವುದಕ್ಕೆ ಇದೂ ಕಾರಣ. ಒಂದು ಫೋನನ್ನು ಯೋಜನೆಗೆ ತಂದವರು ಹೊರಟುಹೋದರೆ ಆ ಫೋನಿಗೆ ದಿಕ್ಕಿಲ್ಲ. ಬೂಟ್‌ಲೋಡರಿಗೆ ಬೀಗ ಹಾಕಿ ಬೇರೆ ವ್ಯವಸ್ಥೆ ಹಾಕಲು ಬಿಡದ ತಯಾರಕರ ತಪ್ಪು ದೊಡ್ಡದು, ಒಪ್ಪುತ್ತೇನೆ. ಆದರೆ ಮೆಟ್ಟಿಲು ಕಟ್ಟುವ ಹೊಣೆ ಯೋಜನೆಯದೇ.

ಆ ಮೆಟ್ಟಿಲು ಕಟ್ಟುವ ಬಗೆಯೂ ಯೋಜನೆಯೊಳಗೇ ಇದೆ. ಕ್ವಾಲ್ಕಾಮ್‌ನ ಎಂಎಸ್‌ಎಂ8916, ಅಂದರೆ ಸ್ನ್ಯಾಪ್‌ಡ್ರ್ಯಾಗನ್ 410, ಒಂದು ಕಾಲದ ಅಗ್ಗದ ಫೋನುಗಳ ಚಿಪ್. ಸ್ಯಾಮ್‌ಸಂಗ್‌ನ 2015ರ ಗ್ಯಾಲಕ್ಸಿ ಎ3, ಎ5ಗಳಲ್ಲಿ, ವೈಲಿಫಾಕ್ಸ್ ಸ್ವಿಫ್ಟ್‌ನಲ್ಲಿ ಇರುವುದು ಇದೇ. ಈ ಫೋನುಗಳನ್ನು ಇಟ್ಟುಕೊಂಡವರು ಒಂದೇ ಕರ್ನಲ್‌ನ ಸುತ್ತ ಕೂಡಿಕೊಂಡರು. ಒಬ್ಬರು ಧ್ವನಿ ಸರಿಪಡಿಸಿದರೆ ಉಳಿದವರಿಗೂ ಅರ್ಧ ದಾರಿ ಸವೆಯಿತು. ಅದೇ ಚಿಪ್ಪಿನ ಇನ್ನೊಂದು ಫೋನು ಹಿಡಿದು ಬಂದವರಿಗೆ ನೋಡಿ ಕಲಿಯಲು ನೆರೆಯವರ ಡಿವೈಸ್ ಟ್ರೀ ಇತ್ತು, ಸಂದೇಹ ಕೇಳಲು ಜನರಿದ್ದರು.

ಈ ಚಿಪ್ ನಂಟು ಹೊಸಬರಿಗೆ ಮೊದಲ ದಿನವೇ ಕಾಣಬೇಕು. ಕಂಪನಿಯ ಹೆಸರು ಕೇಳುವ ಪಿಎಂಬೂಟ್‌ಸ್ಟ್ರ್ಯಾಪ್ ಅದರ ಜೊತೆಗೇ ಚಿಪ್ಪಿನ ಹೆಸರನ್ನೂ ಕೇಳಲಿ; ಅದೇ ಚಿಪ್ಪಿನ ಯಾವ ಫೋನುಗಳು ಎಲ್ಲಿಯವರೆಗೆ ಬಂದಿವೆ, ಯಾರನ್ನು ಕೇಳಬಹುದು ಎಂಬುದನ್ನು ಅಲ್ಲೇ ತೋರಿಸಲಿ.