ಬಲಿಪೂಜೆಯ ಹಾಡು ಕೇಳುವ ಬಗೆ

ಡಿಸೆಂಬರ್ ಹುಟ್ಟಿದರೆ ಸಾಕು, ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಲ್ಲಿ ಕ್ರಿಸ್ಮಸ್ ಹಾಡು ಶುರುವಾಗುತ್ತದೆ. ಅಲ್ಲಿಂದ ರಸೆಲ್ ಮಾರ್ಕೆಟ್ ಕಡೆಗೆ ನಡೆದರೆ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾ. ಅದೇ ವಾರ ಅಲ್ಲಿ ಭಾನುವಾರದ ಬಲಿಪೂಜೆಗೆ (ಮಾಸ್‌ಗೆ) ಹೋಗಿ ಕೂತರೆ ಒಳಗಿನ ಹವೆಯೇ ಬೇರೆ. ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ತೊಟ್ಟಿರುತ್ತಾರೆ. ಹಾಡುಗಳ ತುಂಬ ಹಂಬಲ, ಎದುರುನೋಟ. ಕ್ರಿಸ್ತ ಹುಟ್ಟಿದನೆಂದು ಸಾರುವ ಹಾಡಿಗೆ ಇನ್ನೂ ಸಮಯ ಬಂದಿಲ್ಲ. ಬೀದಿಗೆ ಆಗಲೇ ಹಬ್ಬ. ದೇವಾಲಯ ಇನ್ನೂ ಕಾಯುತ್ತಿದೆ.

ಕಥೋಲಿಕರ ಆರಾಧನಾ ಸಂಗೀತವನ್ನು ಸವಿಯಬೇಕೆನ್ನುವವರು ಮೊದಲು ತಿಳಿಯಬೇಕಾದದ್ದು ಈ ಕಾಯುವಿಕೆಯನ್ನು. ಇಲ್ಲಿ ಪ್ರತಿ ಹಾಡಿಗೂ ಅದರದೇ ಕಾಲವಿದೆ. ಕೆಲವು ಹಾಡುಗಳನ್ನು ವಾರಗಟ್ಟಲೆ ಬೇಕೆಂದೇ ಬಿಟ್ಟಿರುತ್ತಾರೆ. ಕಛೇರಿ ಕೇಳಿದ ಕಿವಿಗೆ ಇದು ಕಷ್ಟವಲ್ಲ: ಮೋಹನದಲ್ಲಿ ಮಧ್ಯಮ, ನಿಷಾದಗಳು ವರ್ಜ್ಯ, ಹಿಂದೋಳದಲ್ಲಿ ರಿಷಭ, ಪಂಚಮಗಳು ವರ್ಜ್ಯ. ಬಿಟ್ಟ ಸ್ವರಗಳೇ ರಾಗದ ಗುರುತು. ಪೂಜಾವರ್ಷದ ಕಾಲಗಳನ್ನೂ ಹಾಗೆಯೇ, ಬಿಟ್ಟ ಹಾಡಿನಿಂದ ಗುರುತಿಸಬಹುದು. ಈ ಕೈಪಿಡಿ ಹೇಳಹೊರಟಿರುವುದು ಇಷ್ಟನ್ನೇ. ಉಳಿದದ್ದೆಲ್ಲ ಅದರ ವಿವರ.

ಕೇಳುವ ಜಾಗ

ಶಿವಾಜಿನಗರದ ಹಳೆಯ ಹೆಸರು ಬ್ಲ್ಯಾಕ್‌ಪಳ್ಳಿ. 19ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಇಲ್ಲೊಂದು ಪುಟ್ಟ ಪ್ರಾರ್ಥನಾಲಯ ಕಟ್ಟಿಸಿದರು. ಅದು ಬೆಳೆದು, ಪ್ಯಾರಿಸ್ ಮಿಷನ್ನಿನ ಫಾದರ್ ಕ್ಲೈನರ್ ಅವರ ಮುತುವರ್ಜಿಯಲ್ಲಿ ಇಂದಿನ ಗಾಥಿಕ್ ಶೈಲಿಯ ದೇವಾಲಯವಾಗಿ ಎದ್ದು ನಿಂತಿತು. 1882ರ ಸೆಪ್ಟೆಂಬರ್ 8ರಂದು ಅದರ ಪ್ರತಿಷ್ಠೆ ನಡೆಯಿತು. ಮುಂದೆ 1970ರ ದಶಕದಲ್ಲಿ ಬೆಸಿಲಿಕಾ ಎಂಬ ಮನ್ನಣೆಯೂ ದೊರೆಯಿತು. ಚೂಪು ಕಮಾನುಗಳ ಎತ್ತರದ ಚಾವಣಿಯ ಕೆಳಗೆ ದನಿ ತಡವಾಗಿ ಆರುತ್ತದೆ. ಹಾಗಾಗಿ ನಿಧಾನದ ಹಾಡು ಇಲ್ಲಿ ತುಂಬಿಕೊಂಡು ಕೇಳುತ್ತದೆ, ಓಡುವ ಹಾಡಿನ ಮಾತು ಕಲಸಿಹೋಗುತ್ತದೆ.

ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಇಲ್ಲಿ ಪೂಜೆಗಳಿವೆ. ವೇಳೆಯನ್ನು ದೇವಾಲಯದ ಫಲಕದಲ್ಲಿ ನೋಡಿಕೊಳ್ಳಿ. ಮೊದಲ ಸಲ ಹೋಗುವವರು ಕನ್ನಡ ಪೂಜೆಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಮಾತು ತಿಳಿದರೆ ಹಾಡು ಯಾಕೆ ಅಲ್ಲಿ ಬಂತೆಂಬುದೂ ತಿಳಿಯುತ್ತದೆ.

ಒಂದು ಪೂಜೆಯ ಒಳಗೆ

ಬಲಿಪೂಜೆಯ ಹಾಡುಗಳಲ್ಲಿ ಎರಡು ಬಗೆ. ಮೊದಲನೆಯದು ಮಾತು ಬದಲಾಗದವು: ಕರುಣೆಗಾಗಿ ಇಡುವ ಮೊರೆ, ಗ್ಲೋರಿಯ ಎಂದು ಕರೆಯುವ ಮಹಿಮೆಯ ಗೀತೆ, ‘ಪರಿಶುದ್ಧ’ ಎಂದು ಮೂರು ಬಾರಿ ಸಾರುವ ಸ್ತುತಿ, ರೊಟ್ಟಿ ಮುರಿಯುವಾಗ ದೇವರ ಕುರಿಮರಿಗೆ ಮಾಡುವ ಬಿನ್ನಹ. ಧಾಟಿ ಬೇರೆಯಾಗಬಹುದು, ಮಾತು ಅದೇ. ಎರಡನೆಯದು ದಿನಕ್ಕೆ ತಕ್ಕಂತೆ ಬದಲಾಗುವವು: ಪ್ರವೇಶ ಗೀತೆ, ಕೀರ್ತನೆ, ಶುಭಸಂದೇಶಕ್ಕೆ ಮುಂಚಿನ ಅಲ್ಲೆಲೂಯ ಘೋಷಣೆ, ಕಾಣಿಕೆ ಗೀತೆ, ಪರಮಪ್ರಸಾದ ಗೀತೆ.

ಇವುಗಳಲ್ಲಿ ಹೊಸಬರು ವಿಶೇಷವಾಗಿ ಗಮನಿಸಬೇಕಾದದ್ದು ಕೀರ್ತನೆ. ಮೊದಲ ವಾಚನ ಮುಗಿದೊಡನೆ ಒಬ್ಬರೇ ಎದ್ದುಬಂದು ಪಲ್ಲವಿ ಹಾಡುತ್ತಾರೆ. ಸಭೆ ಅದನ್ನು ಹಾಗೆಯೇ ಮರಳಿ ಹಾಡುತ್ತದೆ. ಚರಣಗಳನ್ನು ಗಾಯಕರು ಹಾಡಿದರೆ, ಪ್ರತಿ ಚರಣದ ಕೊನೆಗೂ ಪಲ್ಲವಿ ಜನರದ್ದು. ಬೈಬಲಿನ 150 ಕೀರ್ತನೆಗಳಿಂದ ಆ ದಿನದ ವಾಚನಕ್ಕೆ ಒಪ್ಪುವಂಥದನ್ನು ತೆಗೆದಿರುತ್ತಾರೆ. ಭಾನುವಾರದ ವಾಚನಗಳ ಸುತ್ತು ಮೂರು ವರ್ಷದ್ದು. ಆದ್ದರಿಂದ ಈ ಭಾನುವಾರ ಕೇಳಿದ ಜೋಡಿ ಸಾಮಾನ್ಯವಾಗಿ ಮತ್ತೆ ಸಿಗುವುದು ಮೂರು ವರ್ಷಕ್ಕೆ.

ಗುರುಗಳು ಪೀಠದ ಮುಂದೆ ರಾಗವಾಗಿ ಹೇಳುವ ಪ್ರಾರ್ಥನೆಗೂ ಕಿವಿಗೊಡಿ. ಸಾಲಿನ ಬಹುಪಾಲು ಒಂದೇ ಸ್ವರದ ಮೇಲೆ ಸಾಗುತ್ತದೆ, ವಾಕ್ಯ ಮುಗಿಯುವಲ್ಲಿ ಎರಡು ಮೂರು ಸ್ವರ ಇಳಿದು ನಿಲ್ಲುತ್ತದೆ. ತಾಳವಿಲ್ಲ, ಮಾತಿನ ಉಸಿರೇ ಲಯ. ಸಾವಿರ ವರ್ಷ ದಾಟಿದ ಗ್ರೆಗೋರಿಯನ್ ಗಾಯನದ ಪದ್ಧತಿ ಇದು.

ಗ್ಲೋರಿಯ ನಿಂತು, ಮರಳುವ ರಾತ್ರಿ

ಪೂಜಾವರ್ಷ ಜನವರಿಯಲ್ಲಿ ಹುಟ್ಟುವುದಿಲ್ಲ. ಕ್ರಿಸ್ಮಸ್ಸಿಗೆ ನಾಲ್ಕು ಭಾನುವಾರ ಮುಂಚೆ, ಆಗಮನ ಕಾಲದೊಂದಿಗೆ ಹುಟ್ಟುತ್ತದೆ. ಆ ನಾಲ್ಕೂ ಭಾನುವಾರ ಗ್ಲೋರಿಯ ಇರುವುದಿಲ್ಲ. ಅಲ್ಲೆಲೂಯ ಮಾತ್ರ ಇರುತ್ತದೆ, ಏಕೆಂದರೆ ಇದು ಶೋಕದ ಕಾಲವಲ್ಲ, ನಿರೀಕ್ಷೆಯ ಕಾಲ.

ಗ್ಲೋರಿಯವನ್ನೇ ಯಾಕೆ ಬಿಟ್ಟರು? ಅದರ ಮೊದಲ ಮಾತುಗಳು ಲೂಕನ ಶುಭಸಂದೇಶದ ಎರಡನೇ ಅಧ್ಯಾಯದಿಂದ ಬಂದವು. ಬೆತ್ಲೆಹೇಮಿನ ಬಯಲಿನಲ್ಲಿ ಕುರಿ ಕಾಯುತ್ತಿದ್ದವರಿಗೆ ದೇವದೂತರು ಹಾಡಿದ ಹಾಡದು. ಮಗು ಹುಟ್ಟುವ ರಾತ್ರಿಗಾಗಿ ಅದನ್ನು ಎತ್ತಿಟ್ಟಿರುತ್ತಾರೆ. ಡಿಸೆಂಬರ್ 24ರ ರಾತ್ರಿಯ ಪೂಜೆಯಲ್ಲಿ ಗಂಟೆಗಳ ನಾದದೊಂದಿಗೆ ಅದು ಮರಳುತ್ತದೆ. ನಾಲ್ಕು ಭಾನುವಾರ ಅದಿಲ್ಲದೆ ಇದ್ದವರಿಗೆ ಆ ರಾತ್ರಿ ಅದು ಹೊಸ ಹಾಡು. ಅಂಗಡಿಯ ಸ್ಪೀಕರಿನಲ್ಲಿ ತಿಂಗಳಿಡೀ ಕೇಳಿದ ಹಾಡಿನಿಂದ ಈ ಸುಖ ಸಿಗದು.

ತಪಸ್ಸುಕಾಲದ ಬರಿದು

ಈಸ್ಟರಿನ ದಿನವನ್ನು ನಿಶ್ಚಯಿಸುವುದು ಹುಣ್ಣಿಮೆ. ವಸಂತದ ವಿಷುವದ ನಂತರದ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರ ಅದು. ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಂದಾದರೂ ಬೀಳಬಹುದು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಹಣೆಗೆ ಬೂದಿ ಇಡುವ ವಿಭೂತಿ ಬುಧವಾರ. ಅಂದು ಶುರುವಾಗುವ ತಪಸ್ಸುಕಾಲದಲ್ಲಿ ಅಲ್ಲೆಲೂಯವೂ ನಿಲ್ಲುತ್ತದೆ. ಶುಭಸಂದೇಶಕ್ಕೆ ಮುಂಚೆ ಬೇರೊಂದು ಘೋಷಣೆ ಬರುತ್ತದೆ. ಗ್ಲೋರಿಯವೂ ಇಲ್ಲ. ಸಂತ ಜೋಸೆಫರ ದಿನವಾದ ಮಾರ್ಚ್ 19, ಮರಿಯಮ್ಮನಿಗೆ ಮಂಗಳವಾರ್ತೆ ಬಂದ ಮಾರ್ಚ್ 25ರಂಥ ಹಬ್ಬಗಳಷ್ಟೇ ಅದಕ್ಕೆ ಅಪವಾದ.

ವಾದ್ಯಗಳ ಮೇಲೂ ಕಟ್ಟಳೆಯಿದೆ. ಹಾಡುವ ದನಿಗೆ ಆಸರೆಯಾಗುವಷ್ಟು ಮಾತ್ರ ಕೀಬೋರ್ಡ್ ನುಡಿಸಬೇಕು. ಹಾಡಿಲ್ಲದಾಗ ಅದೊಂದನ್ನೇ ನುಡಿಸುವಂತಿಲ್ಲ. ಈ ನಿಯಮ ಪಾಲಿಸುವ ಗಾಯನ ಮಂಡಳಿಯ ಪೂಜೆಯಲ್ಲಿ ಹಾಡುಗಳ ನಡುವೆ ನಿಜವಾದ ಮೌನ ಸಿಗುತ್ತದೆ. ಮೌನಕ್ಕೆ ಹೆದರಿ ಕೀಲಿಗಳ ಮೇಲೆ ಕೈಯಾಡಿಸುತ್ತಲೇ ಇದ್ದರೆ ತಪಸ್ಸುಕಾಲಕ್ಕೆ ಅರ್ಥವೇ ಉಳಿಯದು. ಶುಕ್ರವಾರಗಳಂದು ಶಿಲುಬೆಹಾದಿಗೂ ಹೋಗಿ ನೋಡಿ. 14 ಸ್ಥಳಗಳಲ್ಲಿ ನಿಂತು ಪ್ರಾರ್ಥಿಸಿ, ಒಂದರಿಂದ ಇನ್ನೊಂದಕ್ಕೆ ಸಾಗುವಾಗ ಒಂದೊಂದು ಚರಣ ಹಾಡುತ್ತಾರೆ. ಇಲ್ಲಿ ಹಾಡಿನ ಕೆಲಸ ಹೆಜ್ಜೆಗೆ ಜೊತೆಯಾಗುವುದು.

ಮೂರು ಬಾರಿ ಏರುವ ದನಿ

ವರ್ಷದ ಸಂಗೀತವೆಲ್ಲ ಬಂದು ಕೂಡುವುದು ಪವಿತ್ರ ವಾರದಲ್ಲಿ. ಗರಿಗಳ ಭಾನುವಾರ ತೆಂಗಿನ ಗರಿ ಹಿಡಿದ ಜನ ಹೊಸನ್ನ ಎಂದು ಹಾಡುತ್ತ ಮೆರವಣಿಗೆ ಬರುತ್ತಾರೆ. ಪ್ರತಿ ಪೂಜೆಯ ‘ಪರಿಶುದ್ಧ’ ಗೀತೆಯಲ್ಲೂ ಬರುವ ಮಾತೇ ಅದು. ಗುರುವಾರ ಸಂಜೆ ಗ್ಲೋರಿಯ ಒಮ್ಮೆ ಗಂಟೆಗಳೊಂದಿಗೆ ಮೊಳಗುತ್ತದೆ. ಆಮೇಲೆ ಗಂಟೆಗಳು ಮೂಕ. ಶನಿವಾರ ರಾತ್ರಿಯ ಗ್ಲೋರಿಯದ ತನಕ ಬಾಯಿ ತೆರೆಯುವುದಿಲ್ಲ. ಗುರುವಾರವೇ ಪರಮಪ್ರಸಾದವನ್ನು ಮೆರವಣಿಗೆಯಲ್ಲಿ ಒಯ್ಯುವಾಗ 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ಬರೆದದ್ದೆಂದು ಹೇಳುವ ‘ಪಾಂಜೆ ಲಿಂಗ್ವಾ’ ಹಾಡುವುದು ಸಂಪ್ರದಾಯ.

ಶುಭ ಶುಕ್ರವಾರ ಬಲಿಪೂಜೆಯೇ ಇಲ್ಲ. ಮುಸುಕು ಹಾಕಿದ ಶಿಲುಬೆಯನ್ನು ಗುರುಗಳು ಮೂರು ಹಂತದಲ್ಲಿ ತೆರೆಯುತ್ತಾರೆ. ಪ್ರತಿ ಹಂತದಲ್ಲೂ ಶಿಲುಬೆಯನ್ನು ನೋಡಿರೆಂದು ಹಾಡುವ ಕರೆ ಒಂದೇ, ಆದರೆ ಹಳೆಯ ರೂಢಿಯಂತೆ ಪ್ರತಿ ಸಲ ಶ್ರುತಿ ಒಂದು ಮೆಟ್ಟಿಲು ಏರುತ್ತದೆ. ಜನ ಉತ್ತರ ಹಾಡಿ ಮೊಣಕಾಲೂರುತ್ತಾರೆ.

ಮರುದಿನ ಕತ್ತಲಾದ ಮೇಲೆ ಪಾಸ್ಖ ಜಾಗರಣೆ, ಅಂದರೆ ಈಸ್ಟರಿನ ಹಿಂದಿನ ರಾತ್ರಿಯ ಆರಾಧನೆ. ದೇವಾಲಯದ ದೀಪಗಳೆಲ್ಲ ಆರಿರುತ್ತವೆ. ಹೊರಗೆ ಹೊತ್ತಿಸಿದ ಬೆಂಕಿಯಿಂದ ಪಾಸ್ಖ ಮೇಣದಬತ್ತಿ ಬೆಳಗಿಸಿ ಒಳಗೆ ತರುತ್ತಾರೆ. ದಾರಿಯಲ್ಲಿ ಮೂರು ಕಡೆ ನಿಂತು ಕ್ರಿಸ್ತನೇ ಬೆಳಕೆಂದು ಸಾರುತ್ತಾರೆ, ಇಲ್ಲೂ ಪ್ರತಿ ಸಲ ಶ್ರುತಿ ಏರಿಸುವುದು ರೂಢಿ. ಶುಕ್ರವಾರ ಮರದ ಶಿಲುಬೆಗೆ ಏರಿದ ಮೂರು ಮೆಟ್ಟಿಲನ್ನೇ ಶನಿವಾರ ಬೆಳಕಿಗೆ ಏರುತ್ತಾರೆ. ಎರಡೂ ದಿನ ಹೋದವರಿಗೆ ಮಾತ್ರ ಈ ನಂಟು ಕಿವಿಗೆ ಬೀಳುತ್ತದೆ. ಬಳಿಕ ಒಬ್ಬರೇ ನಿಂತು ಹಾಡುವ ದೀರ್ಘ ಪಾಸ್ಖ ಘೋಷಣೆ. ಆ ಮೇಣವನ್ನು ಕೂಡಿಟ್ಟ ಜೇನುನೊಣಗಳ ನೆನಕೆಯೂ ಅದರಲ್ಲಿದೆ.

ಆ ರಾತ್ರಿಗೆ ಹಳೆಯ ಒಡಂಬಡಿಕೆಯಿಂದ ಏಳು ವಾಚನಗಳನ್ನು ಗೊತ್ತುಮಾಡಿದೆ, ಒಂದೊಂದಕ್ಕೂ ಒಂದೊಂದು ಕೀರ್ತನೆ. ಕೆಂಪು ಸಮುದ್ರ ದಾಟಿದ ಕಥೆಯ ವಾಚನ ಮೋಶೆಯೂ ಇಸ್ರಯೇಲರೂ ಹಾಡಿದರೆಂಬ ಮಾತಿಗೆ ಬಂದು ನಿಲ್ಲುತ್ತದೆ. ಕೂಡಲೇ ಗಾಯಕರು ಆ ಹಾಡನ್ನೇ ಎತ್ತಿಕೊಳ್ಳುತ್ತಾರೆ. ಓದು ಹಾಡಾಗುವ ಆ ಕ್ಷಣವನ್ನು ತಪ್ಪಿಸಿಕೊಳ್ಳಬೇಡಿ. ಆಮೇಲೆ ಗ್ಲೋರಿಯ, ಗಂಟೆಗಳು, ದೀಪಗಳು. ಕೊನೆಗೆ ಗುರುಗಳು ಅಲ್ಲೆಲೂಯವನ್ನು ಮೂರು ಬಾರಿ, ಪ್ರತಿ ಬಾರಿಯೂ ಸ್ವರ ಏರಿಸಿ ಹಾಡುತ್ತಾರೆ, ಜನ ಪ್ರತಿ ಬಾರಿಯೂ ಮರಳಿ ಹಾಡುತ್ತಾರೆ. ವಿಭೂತಿ ಬುಧವಾರದಿಂದ ನಾಲಗೆಗೆ ಬಾರದಿದ್ದ ಮಾತು ಆಗ ಬಿಡುಗಡೆಯಾಗುತ್ತದೆ.

ಪಾಸ್ಖದಿಂದ ಸೆಪ್ಟೆಂಬರಿಗೆ

ಪಾಸ್ಖ ಕಾಲ 50 ದಿನ. ಈಸ್ಟರ್ ಭಾನುವಾರವೂ ಕೊನೆಯ ಪೆಂತೆಕೋಸ್ತ್ ದಿನವೂ ಅಲ್ಲೆಲೂಯಕ್ಕೆ ಮುಂಚೆ ಒಂದು ವಿಶೇಷ ಗೀತೆಯಿದೆ. ಮಧ್ಯಯುಗದಲ್ಲಿ ಇಂಥವು ನೂರಾರು ಇದ್ದವು. 16ನೇ ಶತಮಾನದ ಸುಧಾರಣೆಯಲ್ಲಿ ಕೆಲವೇ ಉಳಿದವು. ನಂತರದ ಸಾಧಾರಣ ಕಾಲ ಹಸಿರು ವಸ್ತ್ರದ, ಸಮಾಧಾನದ ಕಾಲ. ಗಾಯನ ಮಂಡಳಿಯ ದಿನನಿತ್ಯದ ಮಟ್ಟ ತಿಳಿಯುವುದು ಆಗಲೇ.

ಶಿವಾಜಿನಗರದಲ್ಲಿ ಮಾತ್ರ ಸಾಧಾರಣ ಕಾಲದ ನಡುವೆಯೇ ಊರ ಹಬ್ಬ. ಆಗಸ್ಟ್ 29ರಂದು ಧ್ವಜ ಏರುತ್ತದೆ, ಒಂಬತ್ತು ದಿನ ನೊವೇನ, ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನ ಜನ್ಮದಿನ. ಕಾವಿ ಬಟ್ಟೆ ತೊಟ್ಟು ಹರಕೆ ಹೊತ್ತವರು, ಸೀರೆ ಉಡಿಸಿದ ಮಾತೆ, ಸಂಜೆಯ ತೇರು. ಇಲ್ಲಿ ಕೇಳುವುದರಲ್ಲಿ ಬಹುಪಾಲು ಭಕ್ತಿಗೀತೆ; ಅದರ ಗುಣ ಬಲಿಪೂಜೆಯ ಹಾಡಿನದಕ್ಕಿಂತ ಬೇರೆ. ಅಲ್ಲಿ ಹಾಡು ವಿಧಿಯ ಅಂಗ, ಇಲ್ಲಿ ಮನಸ್ಸಿನ ತೋಡಿಕೆ. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಡಿ. ವಾರ ಕಳೆದು ಸೆಪ್ಟೆಂಬರ್ 15 ವ್ಯಾಕುಲಮಾತೆಯ ದಿನ. ಅಂದಿನ ಗೀತೆ ‘ಸ್ತಾಬಾತ್ ಮಾತೆರ್’, ಶಿಲುಬೆಯ ಕೆಳಗೆ ನಿಂತ ತಾಯಿಯ ಅಳಲು.

ನಮ್ಮ ಮಾತು, ನಮ್ಮ ಧಾಟಿ

1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯ ಶಾಸನವನ್ನು ಹೊರಡಿಸಿತು. ಅದು ಗ್ರೆಗೋರಿಯನ್ ಗಾಯನಕ್ಕೆ ಅಗ್ರಸ್ಥಾನ ಉಳಿಸಿಕೊಂಡೇ ಆಯಾ ನಾಡಿನ ಸಂಗೀತಕ್ಕೆ ತಕ್ಕ ಮನ್ನಣೆ ಕೊಡಬೇಕೆಂದಿತು. ಕನ್ನಡದಲ್ಲಿ ಪೂಜೆ, ಕನ್ನಡದಲ್ಲಿ ಹಾಡು ಬಂದದ್ದು ಆ ಬಾಗಿಲು ತೆರೆದ ಮೇಲೆ. ನಮ್ಮ ಕಂಟೋನ್ಮೆಂಟಿನ ಪೂರ್ವದ ಹಚಿನ್ಸ್ ರಸ್ತೆಯಲ್ಲಿ 1967ರಲ್ಲಿ ಫಾದರ್ ಅಮಲೋರ್‌ಪವದಾಸ್ ಕಟ್ಟಿದ ಎನ್‌ಬಿಸಿಎಲ್‌ಸಿ (ರಾಷ್ಟ್ರೀಯ ಬೈಬಲ್, ಧರ್ಮೋಪದೇಶ, ಆರಾಧನಾ ಕೇಂದ್ರ) ಇಡೀ ದೇಶಕ್ಕೇ ಈ ಪ್ರಯೋಗದ ಕೇಂದ್ರವಾಯಿತು. 1969ರಲ್ಲಿ ರೋಮಿನ ಒಪ್ಪಿಗೆ ಪಡೆದು, ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಆರತಿ, ಎಣ್ಣೆದೀಪ ಪೂಜೆಯೊಳಗೆ ಬಂದವು. ಭಜನೆಯ ಧಾಟಿ, ತಬಲಾ, ಹಾರ್ಮೋನಿಯಂ ಪೀಠದ ಪಕ್ಕ ಜಾಗ ಪಡೆದವು. ಇವನ್ನು ಎರವಲೆಂದು ಭಾವಿಸಬೇಕಿಲ್ಲ. ಈ ನೆಲದ ಜನ ತಮ್ಮ ಕಂಠದಲ್ಲೇ ದೇವರನ್ನು ಕರೆಯುವುದು ಅವರ ಹಕ್ಕು.

ಒಳ್ಳೆಯ ಗಾಯನ ಗುರುತಿಸುವುದು ಹೇಗೆ

ಸಭೆ ಎರಡನೇ ಸಾಲಿಗೆ ದನಿಗೂಡಿಸುತ್ತದೆಯೇ, ನೋಡಿ. ಗಂಡಸರು, ಹೆಂಗಸರು, ಮುದುಕರು ಎಲ್ಲರಿಗೂ ಎಟಕುವ ಶ್ರುತಿ ಹಿಡಿಯುವುದೇ ಮಂಡಳಿಯ ಮೊದಲ ಜಾಣತನ. ಮಾತು ಕೊನೆಯ ಬೆಂಚಿಗೂ ತಿಳಿಯಬೇಕು. ಕಾಣಿಕೆ ಪೀಠ ತಲುಪಿ, ವಿಧಿ ಮುಗಿದಾಗ ಹಾಡೂ ಮುಗಿಯಬೇಕು. ಇನ್ನೂ ಮೂರು ಚರಣ ಉಳಿದಿವೆ ಎಂದು ಗುರುಗಳನ್ನು ನಿಲ್ಲಿಸಿಕೊಳ್ಳಬಾರದು. ಪರಮಪ್ರಸಾದದ ನಂತರ ಒಂದಷ್ಟು ಹೊತ್ತು ಏನೂ ಹಾಡದಿರುವ ಧೈರ್ಯ ಬೇಕು. ಮೈಕಿನಲ್ಲಿ ಒಬ್ಬರ ಕಂಠವೇ ಮೆರೆದು ಜನ ಕೇಳುಗರಾಗಿ ಉಳಿದರೆ, ಎಷ್ಟು ಇಂಪಾಗಿದ್ದರೂ ಅದು ಇಲ್ಲಿ ಸೋಲೇ.

ಹೋಗುವ ಮುನ್ನ

ಯಾವ ಧರ್ಮದವರಾದರೂ ಬಂದು ಕೂರಬಹುದು. ಎಲ್ಲರೂ ಎದ್ದಾಗ ಎದ್ದು ನಿಲ್ಲಿ. ಪರಮಪ್ರಸಾದದ ಸಾಲಿಗೆ ಹೋಗದೆ, ಕೂತಲ್ಲೇ ಆ ಹೊತ್ತಿನ ಹಾಡು ಕೇಳಿ. ಚಪ್ಪಾಳೆ ತಟ್ಟಬೇಡಿ, ಮೊಬೈಲ್ ಎತ್ತಿ ಚಿತ್ರೀಕರಿಸಬೇಡಿ. ಗಾಯನ ಮಂಡಳಿಯ ಪಕ್ಕದಲ್ಲಿ ಕೂರದೆ ಜನರ ನಡುವೆ ಕೂರಿ, ಪಲ್ಲವಿ ಬಾಯಿಗೆ ಬಂದರೆ ಹಾಡಿ.

ಒಮ್ಮೆ ಮಾತ್ರ ಹೋಗುವೆನೆಂದರೆ ಪಾಸ್ಖ ಜಾಗರಣೆಗೆ ಹೋಗಿ. ಆದರೆ ನನ್ನ ವಿನಂತಿ, ಎರಡು ಬಾರಿ ಹೋಗಿ: ಮೊದಲು ತಪಸ್ಸುಕಾಲದ ಒಂದು ಭಾನುವಾರ, ಆಮೇಲೆ ಆ ರಾತ್ರಿ. ಅಲ್ಲೆಲೂಯ ಇಲ್ಲದ ಪೂಜೆಯಲ್ಲಿ ಒಮ್ಮೆಯಾದರೂ ಕೂತಿದ್ದವರಿಗಷ್ಟೇ ಅದು ಮರಳಿ ಬಂದಾಗಿನ ಬೆಲೆ ತಿಳಿಯುತ್ತದೆ.