ಒಮೆಗಾ ಎಂಬ ಹೆಸರು ಮತ್ತು ಕೋಳಿಯ ಮಾಂಸ: ಒಂದು ವಿಮರ್ಶೆ

ಕೋಳಿಯ ಆಹಾರಕ್ಕೆ ಸಸ್ಯಜನ್ಯ ತೈಲಗಳನ್ನು ಬೆರೆಸಿ, ತನ್ಮೂಲಕ ಅದರ ಮಾಂಸದಲ್ಲಿ ಒಮೆಗಾ-೩ ವರ್ಗದ ಕೊಬ್ಬಿನಾಮ್ಲಗಳನ್ನು ಹೆಚ್ಚಿಸುವ ಪ್ರಯತ್ನ ಕೆಲವು ದಶಕಗಳಿಂದ ಅನೇಕ ದೇಶಗಳಲ್ಲಿ ನಡೆದುಬಂದಿದೆ. ಈ ಕುರಿತ ಪ್ರಬಂಧಗಳು ಪಶುವಿಜ್ಞಾನದ ಪತ್ರಿಕೆಗಳಲ್ಲಿ ಹೇರಳವಾಗಿವೆ. ಇತಿಹಾಸದ ಅಧ್ಯಾಪಕರಾದ ನಾವು ಇದಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಪ್ರಶ್ನೆ ಕೋಳಿಯ ಸಾಕಣೆಗೆ ಸಂಬಂಧಿಸಿದುದಲ್ಲ. ಒಂದು ಹೇಳಿಕೆಯ ಪ್ರಾಮಾಣ್ಯಕ್ಕೆ ಸಂಬಂಧಿಸಿದುದು. ಯಾವ ಹೇಳಿಕೆಯನ್ನೇ ಆಗಲಿ ಅದರ ಆಧಾರದಿಂದ ಅಳೆಯಬೇಕೆಂಬುದು ನಮ್ಮ ವ್ಯಾಸಂಗದ ಮೊದಲ ಪಾಠವಷ್ಟೆ.

ಈ ಪ್ರಯತ್ನದ ಶಾಸ್ತ್ರೀಯ ತಳಹದಿ ದೃಢವಾದುದೆಂಬುದನ್ನು ಮೊದಲು ಒಪ್ಪಬೇಕು. ದನ, ಕುರಿ ಮೊದಲಾದ ಮೆಲುಕುಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೇವಿನ ಅಪರ್ಯಾಪ್ತ ಕೊಬ್ಬನ್ನು ಬಹುಮಟ್ಟಿಗೆ ಪರ್ಯಾಪ್ತ ಕೊಬ್ಬನ್ನಾಗಿ ಮಾರ್ಪಡಿಸಿಬಿಡುತ್ತವೆ. ಕೋಳಿಯಲ್ಲಿ ಹಾಗಾಗುವುದಿಲ್ಲ, ಅದು ತಿಂದ ಕೊಬ್ಬಿನ ಸ್ವರೂಪ ಅದರ ಮೈಯಲ್ಲಿ ತಕ್ಕಮಟ್ಟಿಗೆ ಉಳಿದುಬರುತ್ತದೆ. ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಗಳಿಂದ ಬೆಳೆದ ಕೋಳಿಯಲ್ಲಿ ಒಮೆಗಾ-೬ ವರ್ಗದ ಲಿನೋಲೆಯಿಕ್ ಆಮ್ಲ ಮೇಲುಗೈ ಪಡೆಯುವುದು ಈ ಕಾರಣದಿಂದಲೇ. ಅಗಸೆಯೆಣ್ಣೆಯನ್ನು ಬೆರೆಸಿದರೆ ಒಮೆಗಾ-೩ ವರ್ಗದ ಆಲ್ಫಾ ಲಿನೋಲೆನಿಕ್ ಆಮ್ಲ ಏರುತ್ತದೆ. ಆ ಎಣ್ಣೆಯಲ್ಲಿ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ, ಈ ಆಮ್ಲವೇ ಇರುತ್ತದೆ. ಸೂರ್ಯಕಾಂತಿ ಮತ್ತು ಕಡಲೆಕಾಯಿ ಎಣ್ಣೆಗಳಲ್ಲಾದರೋ ಅದು ಇಲ್ಲವೆನ್ನುವಷ್ಟು ಕಡಮೆ. ಆದ್ದರಿಂದ 'ಸಸ್ಯತೈಲ' ಎಂಬ ಸಾಮಾನ್ಯ ಶಬ್ದದಿಂದ ಏನೂ ನಿರ್ಧಾರವಾಗುವುದಿಲ್ಲ. ಯಾವ ತೈಲ ಎಂಬುದೇ ಮುಖ್ಯ. ಬರಿಯ 'ಒಮೆಗಾ' ಎಂಬ ಶಬ್ದವೂ ಹೀಗೆಯೇ ಅಸ್ಪಷ್ಟವಾದುದು. ಸೂರ್ಯಕಾಂತಿ ಎಣ್ಣೆಯನ್ನು ತಿಂದ ಕೋಳಿಯಲ್ಲಿಯೂ ಒಮೆಗಾ ಇದೆ. ಆದರೆ ಅದು ಆರನೆಯದು, ಮೂರನೆಯದಲ್ಲ.

ಈ ಹೆಸರಿಗೆ ಬಂದ ಕೀರ್ತಿಯ ಚರಿತ್ರೆಯನ್ನು ನೋಡಿದರೆ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ಕೆಲವು ಕೊಬ್ಬಿನಾಮ್ಲಗಳು ಆಹಾರದಲ್ಲಿ ಇರಲೇಬೇಕಾದುವೆಂದು ೧೯೨೯–೩೦ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು ಇಲಿಗಳ ಮೇಲಣ ಪ್ರಯೋಗಗಳಿಂದ ತೋರಿಸಿಕೊಟ್ಟರು. ಆದರೆ ಒಮೆಗಾ-೩ ಜನರ ಬಾಯಲ್ಲಿ ನಿಂತದ್ದು ೧೯೭೦ರ ದಶಕದಲ್ಲಿ ಡೆನ್ಮಾರ್ಕಿನ ಬಾಂಗ್ ಮತ್ತು ಡೈಯರ್‌ಬರ್ಗ್ ಎಂಬುವರು ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರನ್ನು ಕುರಿತು ಬರೆದ ಪ್ರಬಂಧಗಳಿಂದ. ಆ ಜನರ ಆಹಾರ ಮೀನು, ಸೀಲ್ ಮೊದಲಾದ ಕಡಲಿನ ಪ್ರಾಣಿಗಳು. ಅವುಗಳಲ್ಲಿರುವುದು ಇಪಿಎ ಮತ್ತು ಡಿಎಚ್‌ಎ ಎಂಬ ದೀರ್ಘಸರಪಣಿಯ ಆಮ್ಲಗಳು. ಅಲ್ಲಿ ಹೃದ್ರೋಗ ವಿರಳವೆಂಬ ಮಾತಿಗೂ ಆ ಸಂಶೋಧಕರ ಸ್ವಂತ ಪರೀಕ್ಷೆ ಆಧಾರವಾಗಿರಲಿಲ್ಲ, ಸರಕಾರದ ಮರಣದಾಖಲೆಗಳೇ ಆಧಾರವಾಗಿದ್ದುವೆಂದು ೨೦೧೪ರಲ್ಲಿ ಕೆನಡದ ಜಾರ್ಜ್ ಫೋಡರ್ ಮತ್ತು ಸಂಗಡಿಗರು ಎತ್ತಿ ತೋರಿಸಿದ್ದಾರೆ. ಅದು ಹಾಗಿರಲಿ. ಕಡಲಿನ ಕೊಬ್ಬಿಗೆ ಸಂದ ಕೀರ್ತಿ ಒಂದೇ ಹೆಸರಿನ ಆಶ್ರಯದಲ್ಲಿ ಅಗಸೆಯ ಆಮ್ಲಕ್ಕೂ, ಅಲ್ಲಿಂದ ಅಗಸೆಯೆಣ್ಣೆ ಉಂಡ ಕೋಳಿಗೂ ಸಂದುಬಿಟ್ಟಿದೆ. ನಮ್ಮ ಮುಖ್ಯ ಆಕ್ಷೇಪಣೆ ಇದೇ.

ಕೋಳಿಯ ಪಿತ್ತಜನಕಾಂಗ ಅಗಸೆಯ ಆಮ್ಲವನ್ನು ದೀರ್ಘಸರಪಣಿಯ ಆಮ್ಲಗಳಾಗಿ ಪರಿವರ್ತಿಸುತ್ತದೆಯಲ್ಲ ಎಂದು ಕೇಳಬಹುದು. ಪರಿವರ್ತಿಸುತ್ತದೆ, ನಿಜ, ಆದರೆ ಮಾಂಸಕ್ಕೆ ಬಂದು ಸೇರುವ ಭಾಗ ಸ್ವಲ್ಪ. ಹೆಚ್ಚಿನದು ಆಲ್ಫಾ ಲಿನೋಲೆನಿಕ್ ಆಮ್ಲವಾಗಿಯೇ ಉಳಿಯುತ್ತದೆ. ಯೂರೋಪಿಯನ್ ಒಕ್ಕೂಟ ೨೦೧೦ರಲ್ಲಿ ವಿಧಿಸಿದ ನಿಯಮ ಈ ಭೇದವನ್ನು ಬಲ್ಲದು. ಆಹಾರವೊಂದು 'ಒಮೆಗಾ-೩ರ ಮೂಲ' ಎನಿಸಿಕೊಳ್ಳಲು ೧೦೦ ಗ್ರಾಂಗೂ ೧೦೦ ಕಿಲೋಕ್ಯಾಲರಿಗೂ ೦.೩ ಗ್ರಾಂ ಆಲ್ಫಾ ಲಿನೋಲೆನಿಕ್ ಆಮ್ಲವಿರಬೇಕು. ಇಲ್ಲವೆ ಇಪಿಎ, ಡಿಎಚ್‌ಎಗಳೆರಡೂ ಕೂಡಿ ೪೦ ಮಿಲಿಗ್ರಾಂ ಇರಬೇಕು. ಅಳತೆಗಳು ಎರಡು, ಆದರೆ ಎರಡಕ್ಕೂ ದೊರೆಯುವ ಬಿರುದು ಒಂದೇ. ಕೊಳ್ಳುವವನು ಓದುವುದು ಬಿರುದನ್ನಲ್ಲದೆ ಅಳತೆಯನ್ನಲ್ಲ.

ಇನ್ನು ಪ್ರಬಂಧಗಳಲ್ಲಿ ಫಲಿತಾಂಶವನ್ನು ನಿರೂಪಿಸುವ ರೀತಿ. ಒಟ್ಟು ಕೊಬ್ಬಿನಾಮ್ಲಗಳಲ್ಲಿ ಇಂತಿಷ್ಟು ಶೇಕಡ ಒಮೆಗಾ-೩ ಎಂದು ಹೇಳುವುದು ರೂಢಿ. ರಸಾಯನಶಾಸ್ತ್ರಕ್ಕೆ ಇದು ಸಾಕು, ಊಟಕ್ಕೆ ಸಾಲದು. ಚರ್ಮ ತೆಗೆದ ೧೦೦ ಗ್ರಾಂ ಎದೆಯ ಮಾಂಸದಲ್ಲಿ ಒಂದೂವರೆ ಗ್ರಾಂ ಕೊಬ್ಬಿದೆಯೆಂದೂ, ಅದರಲ್ಲಿ ಶೇಕಡ ಹತ್ತು ಭಾಗ ಅಗಸೆಯ ಆಮ್ಲವೆಂದೂ ಇಟ್ಟುಕೊಳ್ಳೋಣ. ಶೇಕಡ ಹತ್ತು ಎಂಬ ಅಂಕಿ ಬಲು ದೊಡ್ಡದಾಗಿ ಕಾಣುತ್ತದೆ. ಆದರೆ ತಟ್ಟೆಗೆ ಬಂದದ್ದು ೧೫೦ ಮಿಲಿಗ್ರಾಂ, ಅಂದರೆ ಮೇಲೆ ಹೇಳಿದ ನಿಯಮದ ಅರ್ಧ. ತೊಡೆಯ ಮಾಂಸದಲ್ಲಿ ಕೊಬ್ಬು ಹೆಚ್ಚು. ಅಲ್ಲಿ ಅದೇ ಶೇಕಡ ಅಂಕಿಗೆ ಹೆಚ್ಚಿನ ಗ್ರಾಂ ದೊರೆಯುತ್ತದೆ. ಆದುದರಿಂದ ಯಾವ ಭಾಗದ ಮಾಂಸ, ಚರ್ಮಸಹಿತವೋ ರಹಿತವೋ, ಹಸಿಯದೋ ಬೇಯಿಸಿದುದೋ ಎಂಬುದನ್ನು ಹೇಳದ ಅಂಕಿ ಕಾಲ ಸ್ಥಳಗಳಿಲ್ಲದ ದಾಖಲೆಯಂತೆಯೇ ಸರಿ.

ಮತ್ತೊಂದು ಸಂಗತಿ ಉಂಟು. ಚಿತ್ರಕಾರರು ಅಗಸೆಯೆಣ್ಣೆಯನ್ನು ಶತಮಾನಗಳಿಂದ ಬಣ್ಣಕ್ಕೆ ಬಳಸಿದ್ದು ಅದು ಗಾಳಿಗೆ ಒಣಗಿ ಗಟ್ಟಿಯಾಗುವುದರಿಂದ. ಗಾಳಿಯ ಆಮ್ಲಜನಕದೊಡನೆ ಬೇಗ ಕೂಡಿಕೊಳ್ಳತಕ್ಕ ಅದೇ ಗುಣ ಮಾಂಸದಲ್ಲಿ ದೋಷವಾಗುತ್ತದೆ. ಇಟ್ಟ ಮಾಂಸ ಬೇಗ ಕಮಟುತ್ತದೆ. ಇದನ್ನು ತಡೆಯಲು ಕೋಳಿಯ ಆಹಾರಕ್ಕೆ ಇ ಜೀವಸತ್ವವನ್ನು ಹೆಚ್ಚಾಗಿ ಸೇರಿಸಬೇಕಾಗುತ್ತದೆ. ಎಣ್ಣೆಯ ಬೆಲೆ, ಜೀವಸತ್ವದ ಬೆಲೆ ಎರಡನ್ನೂ ಕಡೆಗೆ ಹೊರುವವನು ಕೊಳ್ಳುವವನೇ. ಹೃದಯದ ಭಯದಿಂದ ಹೆಚ್ಚು ಹಣ ತೆರುವ ಅವನಿಗೆ ಏನು ದೊರೆಯಿತೆಂದು ತಿಳಿಯುವ ಹಕ್ಕಿದೆ.

ಇಲ್ಲಿ ನಮ್ಮ ನಾಡಿನ ಒಂದು ಹೋಲಿಕೆ ಅಪ್ರಸ್ತುತವಾಗಲಾರದು. ಉತ್ತರ ಕರ್ನಾಟಕದಲ್ಲಿ ಅಗಸೆಯನ್ನು ಹುರಿದು, ಕುಟ್ಟಿ, ಅಗಸಿ ಹಿಂಡಿಯೆಂದು ಜೋಳದ ರೊಟ್ಟಿಯೊಡನೆ ತಿನ್ನುವ ರೂಢಿಯಿದೆ. ಅಗಸೆಯ ಬೀಜದಲ್ಲಿ ಸುಮಾರು ಶೇಕಡ ೪೦ ಭಾಗ ಎಣ್ಣೆ. ಅದರ ಅರ್ಧವನ್ನೇ ಲೆಕ್ಕಕ್ಕೆ ಹಿಡಿದರೂ ೧೦ ಗ್ರಾಂ ಬೀಜದಲ್ಲಿ ೨ ಗ್ರಾಂ ಆಲ್ಫಾ ಲಿನೋಲೆನಿಕ್ ಆಮ್ಲವಾಯಿತು. ನಿಯಮದ ಕನಿಷ್ಠ ಅಳತೆಯನ್ನು ಮುಟ್ಟಿದ ಕೋಳಿಯ ಮಾಂಸದಿಂದ ಅಷ್ಟನ್ನು ಪಡೆಯಲು ೬೫೦ ಗ್ರಾಂಗೂ ಹೆಚ್ಚು ತಿನ್ನಬೇಕು. ಬೇಕಾದುದು ಅಗಸೆಯ ಆಮ್ಲವೇ ಆದರೆ ಕೋಳಿಯ ಮಧ್ಯಸ್ತಿಕೆ ಅನಾವಶ್ಯಕ. ಬೇಕಾದುದು ಕಡಲಿನ ಆಮ್ಲವಾದರೆ ಅಗಸೆಯ ಮಧ್ಯಸ್ತಿಕೆ ಸಾಲದು. ಆದರೂ ಮೀನನ್ನು ತಿನ್ನದವರಿಗೆ, ಹೇಗೂ ಕೋಳಿಯನ್ನು ತಿನ್ನುವವರಿಗೆ, ಸ್ವಲ್ಪವಾದರೂ ದೊರೆತದ್ದು ಲಾಭವೇ. ಆ ಸ್ವಲ್ಪವನ್ನು ಸ್ವಲ್ಪವೆಂದು ಹೇಳಬೇಕೆಂಬುದಷ್ಟೇ ನಮ್ಮ ವಾದ.

ಕನ್ನಡ ಶಾಸನಗಳಲ್ಲಿ ದೇವಾಲಯದ ನಂದಾದೀವಿಗೆಗೆ ಗಾಣದಿಂದ ಎಣ್ಣೆ ಬಿಟ್ಟ ದತ್ತಿಗಳು ಎಷ್ಟೋ ಇವೆ. ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆಯೆಂದು ಅಳತೆಯ ಹೆಸರನ್ನೂ ಅವು ಹೇಳುತ್ತವೆ. ಅದರಿಂದಲೇ ಇಂದು ನಾವು ಅವನ್ನು ಪ್ರಮಾಣವೆಂದು ಬಳಸುತ್ತೇವೆ. ಕೋಳಿಯ ಮಾಂಸದ ವಿಷಯದಲ್ಲಿಯೂ ಇದಕ್ಕಿಂತ ಹೆಚ್ಚಿನದನ್ನು ನಾವು ಕೇಳುತ್ತಿಲ್ಲ. ಯಾವ ಆಮ್ಲ, ಯಾವ ಭಾಗದ ಮಾಂಸ, ಬೇಯಿಸಿದ ಮೇಲೆ ೧೦೦ ಗ್ರಾಂನಲ್ಲಿ ಎಷ್ಟು, ಸಾಮಾನ್ಯ ಕೋಳಿಗಿಂತ ಎಷ್ಟು ಹೆಚ್ಚು—ಈ ನಾಲ್ಕು ಸಂಗತಿಗಳನ್ನು ಸಂಶೋಧಕರು ಪ್ರಬಂಧದಲ್ಲಿಯೂ ಮಾರುವವರು ಪೊಟ್ಟಣದ ಮೇಲೆಯೂ ತಿಳಿಸಲಿ. ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ಇಂತಹ ಪ್ರಬಂಧವನ್ನು ಓದುವಾಗ ಈ ನಾಲ್ಕನ್ನು ಅಂಚಿನಲ್ಲಿ ಗುರುತು ಹಾಕಿಕೊಂಡು ಹುಡುಕುವ ಅಭ್ಯಾಸವನ್ನು ಮಾಡಿಕೊಂಡರೆ ಈ ಬರಹದ ಉದ್ದೇಶ ನೆರವೇರಿದಂತೆ.